ನಾಟಕ ತಂಡದ ಖಾಯಂ ಅಜ್ಜ

ನಮ್ಮ ನಾಟಕ ತಂಡದ ಖಾಯಂ ಅಜ್ಜ ಇಪ್ಪತ್ತರ ಹರೆಯದಲ್ಲೇ ತಲೆಗೆ ಪೌಡರ್ ಸುರಿದುಕೊಂಡು, ಕೋಲೂರಿ, ಕೆಮ್ಮುತ್ತಲೇ ರಂಗಕ್ಕೆ ಬಂದವರು. ಈಗ ನಿಜಕ್ಕೂ ಅಜ್ಜ. ಆದರೆ ಕೂದಲಿಗೆ ಕಪ್ಪು ಬಣ್ಣ, ಮೆಟ್ಟಿಲೇರುವಾಗ ಯಾರಾದರೂ ಕೈ ಹಿಡಿದರೆ ಕೆಂಡಾಮಂಡಲ. ತಂಡದ ಐವತ್ತನೇ ವರ್ಷಕ್ಕೆ ‘ಅಂದು’, ‘ಇಂದು’ ಎಂದು ಫೋಟೋ ತೂಗುಹಾಕಿದ ಹೊಸಬರು ಇವರ ಹಳೆಯ ವೇಷದ ಬಿಳಿತಲೆಯನ್ನೇ ‘ಇಂದು’, ಈಗಿನ ಕಪ್ಪುತಲೆಯನ್ನು ‘ಅಂದು’ ಮಾಡಿಬಿಟ್ಟರು. “ನೋಡ್ರೋ, ಮೇಕಪ್ ಅಂದ್ರೆ ಇದು!” ಎಂದು ಅಜ್ಜ ಬಂದವರನ್ನೆಲ್ಲ ಎಳೆತಂದು ತೋರಿಸಿ ಬೀಗಿದರು. ನಾನು ಚೀಟಿಗಳನ್ನು ಅದಲುಬದಲು ಮಾಡಲು ಹೋದಾಗ ಮಾತ್ರ ಮೆಲ್ಲಗೆ ಕೈ ಹಿಡಿದರು. ಆ ಫೋಟೋದಲ್ಲಿ ಅವರ ಪಕ್ಕ ಅಜ್ಜಿಯ ವೇಷದಲ್ಲಿ ನಗುತ್ತಿರುವುದು ಅವರ ಹೆಂಡತಿ. ಒಂದು ಬಿಳಿಕೂದಲೂ ಮೂಡುವ ಮೊದಲೇ ತೀರಿಕೊಂಡವರು. “ಹಾಗೇ ಇರಲಿ ಬಿಡಪ್ಪಾ,” ಎಂದರು, “ಇವತ್ತು ಇದ್ದಿದ್ರೆ ಹೀಗೇ ಕಾಣ್ತಿದ್ಲು.”