ಹೊನ್ನಕ್ಕನ ಸಾಕ್ಷಿಯ ಉಳಿದ ಭಾಗ

ಹೊಳೆನರಸೀಪುರದ ಗೊಬ್ಬರದಂಗಡಿಯ ಮೇಲಿರುವ ಪ್ರಾರ್ಥನಾ ಮಂದಿರಕ್ಕೆ ಇಪ್ಪತ್ತೆರಡು ಮೆಟ್ಟಿಲು. ಹೊನ್ನಕ್ಕ ಈಗೀಗ ಹತ್ತನೆಯದರಲ್ಲಿ ಒಮ್ಮೆ ನಿಲ್ಲುತ್ತಾಳೆ. ಮಂಡಿನೋವು ಅಂತ ಜನ ಅಂದುಕೊಂಡಿದ್ದಾರೆ. ಮಂಡಿನೋವೂ ಇದೆ. ಅದಕ್ಕಿಂತ ಹೆಚ್ಚಾಗಿ, ಮೇಲೆ ಹೋದ ಕೂಡಲೇ ಯಾರಾದರೂ ‘ಸಾಕ್ಷಿ ಹೇಳಕ್ಕ’ ಅಂದುಬಿಟ್ಟರೆ ಅನ್ನುವ ಆಯಾಸ.

ಸಾಕ್ಷಿ ಅಂದರೆ ದೇವರು ತನಗೆ ಮಾಡಿದ ಉಪಕಾರವನ್ನು ಸಭೆಯ ಮುಂದೆ ಎದ್ದು ನಿಂತು ಹೇಳುವುದು. ಹೊನ್ನಕ್ಕನ ಸಾಕ್ಷಿ ಹನ್ನೆರಡು ವರ್ಷ ನಡೆಯಿತು. ಗಂಡ ಬೋರಪ್ಪ ಪೇಟೆಯ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುವವನು. ಒಂದು ಬೆಳಿಗ್ಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋದವು. ಹಾಸನದ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇಟ್ಟುಕೊಂಡರು. ಅಲ್ಲಿ ಒಬ್ಬ ಹುಡುಗಿ ದಿನವೂ ಬಂದು ಕೈಕಾಲು ಆಡಿಸುವುದನ್ನು ಹೇಳಿಕೊಟ್ಟಳು. ಊರಿಗೆ ಬಂದ ಮೇಲೆ ಪಕ್ಕದ ಮನೆಯವರು ಕರೆದರು ಅಂತ ಗಂಡಹೆಂಡತಿ ಪ್ರಾರ್ಥನೆಗೆ ಹೋದರು. ಮೂರನೇ ತಿಂಗಳು, ಒಂದು ಭಾನುವಾರ, ಎಲ್ಲರೂ ಪ್ರಾರ್ಥಿಸುತ್ತಿರುವಾಗ ಬೋರಪ್ಪ ಗೋಡೆ ಬಿಟ್ಟು ನಾಲ್ಕು ಹೆಜ್ಜೆ ನಡೆದ. ವರ್ಷ ತುಂಬುವುದರೊಳಗೆ ಮತ್ತೆ ಕಾಯಿ ಸುಲಿಯಲು ಹೋದ.

ಇದನ್ನು ಅವಳು ಅರಕಲಗೂಡಿನಲ್ಲಿ ಹೇಳಿದಳು, ಹಾಸನದಲ್ಲಿ ಹೇಳಿದಳು, ಮನೆಮನೆಯ ಪ್ರಾರ್ಥನೆಗಳಲ್ಲಿ ಹೇಳಿದಳು. ಐದೇ ನಿಮಿಷ ಅನ್ನುತ್ತಿದ್ದರಲ್ಲ, ಹಾಗಾಗಿ ಮೊದಲು ಕಸರತ್ತಿನ ಹುಡುಗಿ ಬಿಟ್ಟುಹೋದಳು, ಆಮೇಲೆ ಇಪ್ಪತ್ತು ದಿನದ ಆಸ್ಪತ್ರೆಯೂ ಬಿಟ್ಟುಹೋಯಿತು. ಕೊನೆಗೆ ಉಳಿದದ್ದು ಬಿದ್ದ ಗಂಡ, ಪ್ರಾರ್ಥನೆ, ಎದ್ದ ಗಂಡ. ಜನ ‘ಸ್ತೋತ್ರ’ ಅನ್ನುತ್ತಿದ್ದರು. ಬೋರಪ್ಪ ಹಿಂದಿನ ಸಾಲಿನಿಂದ ಎದ್ದು ಎಡಗೈ ಎತ್ತಿ ತೋರಿಸುತ್ತಿದ್ದ. ಅವನಿಗೆ ಅದೊಂದು ಕೆಲಸವೇ ಆಗಿತ್ತು.

ಹೋದ ವರ್ಷ ಅವನು ಮತ್ತೆ ಬಿದ್ದ, ಮೂರು ತಿಂಗಳು ಹಾಸಿಗೆಯಲ್ಲಿದ್ದ, ಕಾರ್ತಿಕದಲ್ಲಿ ತೀರಿಕೊಂಡ.

ಈ ಫೆಬ್ರವರಿಯಲ್ಲಿ ಪಾಸ್ಟರ್ ಅನಿಲ್‌ಕುಮಾರ್ ಅವಳನ್ನು ಹುಡುಕಿಕೊಂಡು ಸ್ಕೂಲಿಗೇ ಬಂದರು. ಹೊನ್ನಕ್ಕ ಅಲ್ಲಿ ಬಿಸಿಯೂಟದ ಅಡುಗೆಯವಳು. ಸಾರಿನ ದೊಡ್ಡ ಪಾತ್ರೆಯೊಳಗೆ ಅರ್ಧ ಮೈ ಇಳಿಸಿ ಉಜ್ಜುತ್ತಿದ್ದಳು.

“ಅಕ್ಕಾ, ಮುಂದಿನ ಶನಿವಾರ ಚನ್ನರಾಯಪಟ್ಟಣದಲ್ಲಿ ದೊಡ್ಡ ಸಭೆ. ನಿಮ್ಮ ಸಾಕ್ಷಿ ಹಾಕಿದೀನಿ.”

“ಅವ್ರು ಸತ್ತೋದ್ರಲ್ಲ ಪಾಸ್ಟ್ರೇ.”

“ಅಣ್ಣ ಎದ್ದು ನಡೆದಿದ್ದು ಸುಳ್ಳಲ್ಲವಲ್ಲ. ಅಲ್ಲಿಗೆ ನಿಲ್ಸಿ. ಹೊಸಬರು ಬಂದಿರ್ತಾರೆ, ಅವರಿಗೆ ಧೈರ್ಯ ಬರಬೇಕು.”

ಅವರು ಕೆಟ್ಟವರಲ್ಲ. ಬೋರಪ್ಪ ಮಲಗಿದ್ದಾಗ ವಾರಕ್ಕೆ ಎರಡು ಸಲ ಬಂದು ಮಂಡಿಯೂರಿದವರು. ದೇವರಿದ್ದೂ ನೋವು ಯಾಕೆ ಅಂತ ಕೇಳಿದವರಿಗೆ ಕೊಡುವ ಐದು ಉತ್ತರಗಳನ್ನು ಅವರು ತರಬೇತಿಯಲ್ಲಿ ಕಲಿತಿದ್ದರು. ಬೈಕಿಗೆ ಒರಗಿಕೊಂಡು ಐದನ್ನೂ ಹೇಳಿದರು. ದೇವರು ಮನುಷ್ಯನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾನೆ. ನೋವು ನಂಬಿಕೆಯನ್ನು ಪುಟಕ್ಕಿಡುತ್ತದೆ. ನಮಗೆ ಕಾಣದ್ದು ಅವನಿಗೆ ಕಾಣುತ್ತದೆ. ಈ ಲೋಕ ಕೊನೆಯದಲ್ಲ. ಅವನೇ ಶಿಲುಬೆಯ ಮೇಲೆ ನೋವು ಉಂಡಿದ್ದಾನೆ.

ಹೊನ್ನಕ್ಕ ಪಾತ್ರೆಯಿಂದ ತಲೆ ಹೊರಗೆ ತೆಗೆದು ಎಲ್ಲವನ್ನೂ ಕೇಳಿಸಿಕೊಂಡಳು.

“ಐದೂ ಚೆಂದಾಗವೆ. ನಮ್ಮೋರು ಸತ್ತಿದ್ದು ಯಾವುದ್ರಲ್ಲಿ ಬತ್ತದೆ?”

ಪಾಸ್ಟರ್ ಬೆರಳು ಮಡಚಿ ಎಣಿಸಿದರು. “ಮೂರನೇದ್ರಲ್ಲಿ ಅನ್ಕೋಬಹುದು.”

“ಮೊದ್ಲು ಎದ್ದು ನಡೆದ್ರಲ್ಲ, ಅದು?”

“ಅದು ಕೃಪೆ ಅಕ್ಕ.”

“ಅದು ಐದ್ರಲ್ಲಿ ಇಲ್ವಲ್ಲ,” ಅಂದು ಹೊನ್ನಕ್ಕ ಮತ್ತೆ ಪಾತ್ರೆಗೆ ಇಳಿದಳು. ಪಾಸ್ಟರಿಗೂ ನಗು ಬಂತು.

ಅವಳನ್ನು ಕೊರೆಯುತ್ತಿದ್ದದ್ದು ಸಾವಲ್ಲ. ಎರಡನೇ ಸಲ ಬಿದ್ದ ದಿನ ಬೋರಪ್ಪ ಕೈಯನ್ನು ಕಂಬಳಿಯೊಳಗೆ ಅಡಗಿಸಿಕೊಂಡಿದ್ದ. ಬಾಯಿ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು. ಆದರೂ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ. “ಯಾರ್ಗೂ ಯೋಳ್ಬ್ಯಾಡ ಕಣೆ. ದೇವ್ರ ಮಾನ ಓಯ್ತದೆ.” ಅವಳೂ ಹೌದಲ್ಲ ಅಂದುಕೊಂಡಳು. ಬಾಗಿಲು ಹಾಕಿಕೊಂಡು ಮೂರು ದಿನ ಇಬ್ಬರೂ ಪ್ರಾರ್ಥನೆ ಮಾಡಿದರು. ಬಂದವರಿಗೆ ಜ್ವರ ಅಂದಳು. ನಾಲ್ಕನೇ ದಿನ ಹಾಸನದಲ್ಲಿ ಡಾಕ್ಟರ್ ಕೇಳಿದ್ದು ಒಂದೇ, “ಮೂರು ದಿನ ಏನ್ ಮಾಡ್ತಿದ್ರಮ್ಮ?” ಆ ಪ್ರಶ್ನೆಗೆ ಅಲ್ಲಿಯವರೆಗೆ ಅವಳು ಯಾರಿಗೂ ಉತ್ತರ ಕೊಟ್ಟಿರಲಿಲ್ಲ.

ಶನಿವಾರ ಅವಳು ಹೋದಳು. ಬಸ್ಸಿನ ದಾರಿಯುದ್ದಕ್ಕೂ, ಎದ್ದು ನಡೆದ ಅನ್ನುವಲ್ಲಿಗೆ ನಿಲ್ಲಿಸಿಬಿಡೋಣ, ಬೇಗ ಮುಗಿಯುತ್ತದೆ, ಅಂತಲೇ ಅಂದುಕೊಂಡಳು. ಜಗಳಕ್ಕೆ ಅವಳಲ್ಲಿ ಶಕ್ತಿ ಇರಲಿಲ್ಲ.

ಕಲ್ಯಾಣ ಮಂಟಪದಲ್ಲಿ ಇನ್ನೂರು ಜನ. ಮೈಕು ಕೈಗೆ ಬಂತು. ಮಾತು ತಾನಾಗಿಯೇ ಹಳೆಯ ದಾರಿ ಹಿಡಿದು ಹೋಯಿತು. “ನಾಕು ಎಜ್ಜೆ ನಡೆದ್ರು” ಅಂದಳು. ಸ್ತೋತ್ರ, ಸ್ತೋತ್ರ ಅಂದರು. ಹಿಂದಿನ ಸಾಲಿನಲ್ಲಿ ಕೈ ಎತ್ತುವವರು ಯಾರೂ ಇರಲಿಲ್ಲ. ಪಾಸ್ಟರ್ ಮೈಕಿಗೆ ಕೈ ಚಾಚಿದರು. ಹೊನ್ನಕ್ಕ ಕೊಡಲಿಲ್ಲ.

“ಇನ್ನೂ ಐತೆ. ಓದ ವರ್ಸ ಮತ್ತೆ ಬಿದ್ರು. ದೇವ್ರಿಗೆ ಅವಮಾನ ಆಯ್ತದೆ ಅಂತ ಮೂರು ದಿನ ಮನೇಲಿ ಬಚ್ಚಿಟ್ಕಂಡೆ. ಜ್ವರ ಅಂತ ಸುಳ್ಳು ಯೋಳ್ದೆ. ಆಮೇಲೆ ತೀರ್ಕಂಡ್ರು. ನಾನೀಗಲೂ ಪ್ರಾರ್ಥನೆ ಮಾಡ್ತೀನಿ, ಬಿಟ್ಟಿಲ್ಲ. ಯಾಕೆ ಅಂತ ನಂಗೆ ಗೊತ್ತಿಲ್ಲ. ದೇವ್ರ ಮಾನ ಕಾಯಾಕೆ ನಾವ್ಯಾರು? ನಿಮ್ಮಲ್ಲಿ ಯಾರಾದ್ರೂ ಮತ್ತೆ ಬಿದ್ದೋರು ಇದ್ರೆ ಅವಿತ್ಕಬ್ಯಾಡಿ. ಅಷ್ಟೆ.”

ಯಾರೂ ಸ್ತೋತ್ರ ಅನ್ನಲಿಲ್ಲ. ಎಲ್ಲಿ ಅನ್ನಬೇಕು ಅಂತ ತಿಳಿಯಲಿಲ್ಲವೋ ಏನೋ. ಪಾಸ್ಟರ್ ಮೈಕು ಹಿಡಿದುಕೊಂಡು ಹಾಡಿನ ಪುಸ್ತಕ ತೆಗೆದರು. ಊಟದಲ್ಲಿ ಇಬ್ಬರು ಹೆಂಗಸರು ಅವಳ ಪಕ್ಕದಿಂದ ಎದ್ದು ಬೇರೆ ಕಡೆ ಕೂತರು. ಬಡಿಸುವವನೊಬ್ಬ, “ನಂಬಿಕೆ ಇನ್ನೊಂಚೂರು ಗಟ್ಟಿ ಇರ್ಬೇಕಿತ್ತು ಕಣಕ್ಕ,” ಅಂತ ಹೇಳಿ ಪಲ್ಯ ಹಾಕಿದ. “ಉಪ್ಪೂ ಒಂಚೂರು ಇರ್ಬೇಕಿತ್ತು,” ಅಂದು ಉಂಡಳು.

ಹಗುರವಾಯಿತು ಅಂತ ಅವಳಿಗೇನೂ ಅನ್ನಿಸಲಿಲ್ಲ. ಮೂರು ದಿನ ಮೂರು ದಿನವಾಗಿಯೇ ಉಳಿಯಿತು, ಮೈ ಮಾತ್ರ ಸೋತಿತ್ತು. ಮುಂದಿನ ತಿಂಗಳ ಮನೆ ಪ್ರಾರ್ಥನೆಯ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅವಳು ಕೇಳಲಿಲ್ಲ.

ಬುಧವಾರ ಮಧ್ಯಾಹ್ನ ಮಕ್ಕಳ ತಟ್ಟೆ ತೊಳೆದಾದ ಮೇಲೆ, ಸಭೆಯಲ್ಲಿ ಡೋಲಕ್ ಬಾರಿಸುವ ಪುಟ್ಟರಾಜು ಸ್ಕೂಲಿನ ಗೇಟಿನ ಹತ್ತಿರ ನಿಂತಿದ್ದ. ಪ್ರಾರ್ಥನೆಯಿಂದ ಸಕ್ಕರೆ ಕಾಯಿಲೆ ಹೋಯಿತು ಅಂತ ಸಾಕ್ಷಿ ಹೇಳುವವನು ಅವನು. ಆ ಕಡೆ ಈ ಕಡೆ ನೋಡಿ ಎಡಗಾಲಿನ ಕಾಲುಚೀಲ ಕೆಳಗಿಳಿಸಿದ. ಹೆಬ್ಬೆರಳ ಪಕ್ಕ ಹುಣ್ಣು, ಸುತ್ತ ಕಪ್ಪಗಾಗಿತ್ತು.

“ಎಷ್ಟು ದಿನ ಆಯ್ತಪ್ಪ?”

“ಒಂದೂವರೆ ತಿಂಗ್ಳು. ಮನೇಲೂ ತೋರ್ಸಿಲ್ಲ ಕಣಕ್ಕ.”

ಹೊನ್ನಕ್ಕ ಸೆರಗಿಗೆ ಕೈ ಒರೆಸಿಕೊಂಡಳು. ಆಸ್ಪತ್ರೆ ಅರ್ಧ ಮೈಲಿ, ಬಿಸಿಲು ಬೇರೆ. ಆಟೋ ಸಿಗಲಿಲ್ಲ. ಅವನು ಕುಂಟುತ್ತ, ಅವಳು ಮಂಡಿ ಹಿಡಿದುಕೊಳ್ಳುತ್ತ, ನೆರಳಿದ್ದಲ್ಲೆಲ್ಲ ನಿಂತು ನಿಂತು ಹೋದರು. ಹೊರರೋಗಿಗಳ ಸಾಲು ಬಾಗಿಲಿನಾಚೆಗೂ ಬಂದಿತ್ತು.

“ಅಕ್ಕಾ, ನಾನೂ ಇದ್ನ ಸಭೇಲಿ ಯೋಳ್ಬೇಕಾ?” ಅಂತ ಪುಟ್ಟರಾಜು ಮೆಲ್ಲಗೆ ಕೇಳಿದ.

“ಮೊದ್ಲು ಚೀಟಿ ಮಾಡ್ಸಪ್ಪ,” ಅಂದು ಹೊನ್ನಕ್ಕ ಅವನ ಹಿಂದೆ ಸಾಲಿನಲ್ಲಿ ನಿಂತಳು.