ಗಾಳಿಯಲ್ಲಿ ಹಾರಿದ ಬೆಂಕಿಯುಂಡೆ

ಕುಣಿಗಲ್ಲಿನಲ್ಲಿ ಕುದುರೆಗಳಿಗೆ ಲಾಳ ಹೊಡೆಯುತ್ತಿದ್ದವನು ಇಮಾಂ ಸಾಬ್. ಕುದುರೆ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಯಾವ ಗೊರಸಿನಲ್ಲಿ ನೋವಿದೆ ಎಂದು ದೂರದಿಂದಲೇ ಹೇಳಿಬಿಡುತ್ತಿದ್ದ. ಅವನು ಕುಂಟು ಅಂದ ಕುದುರೆಯನ್ನು ಇನ್ನೊಬ್ಬರು ಮುಟ್ಟಿ ನೋಡುತ್ತಿರಲಿಲ್ಲ. ಅವನ ಮಗ ಬುಡನ್ ಸಾಬ್ ಸುತ್ತಿಗೆ ಕೆಳಗಿಟ್ಟು ತುಮಕೂರಿಗೆ ಬಂದು ರೇಡಿಯೋ ರಿಪೇರಿಗೆ ಕೂತ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಕೆಟ್ಟ ರೇಡಿಯೋವನ್ನು ಕಿವಿಯ ಹತ್ತಿರ ಹಿಡಿದು ಒಂದು ಸಲ ಅಲ್ಲಾಡಿಸಿ, ಇಂಥ ಕಡೆ ಬೆಸುಗೆ ಬಿಟ್ಟಿದೆ ಅಂದರೆ ಅಲ್ಲೇ ಬಿಟ್ಟಿರುತ್ತಿತ್ತು. ಈ ಬುಡನ್ ಸಾಬನ ಮಗಳು ಖುರ್ಷಿದಾ ಬೇಗಂ.

ಗಂಡ ಉಮೇರ್ ಲಾರಿ ಓಡಿಸುತ್ತಿದ್ದ. ತೊಂಬತ್ತಮೂರನೇ ಇಸವಿಯಲ್ಲಿ ಬೆಂಗಳೂರಿನಿಂದ ಬರುವಾಗ ಆಳೆತ್ತರದ ಒಂದು ಮರದ ಪೆಟ್ಟಿಗೆಯನ್ನು ಹೇರಿಕೊಂಡು ಬಂದ. ಮೇಲೆ ಗಾಜಿನ ಪರದೆ, ಹೊಟ್ಟೆಯ ಮಟ್ಟಕ್ಕೆ ಇಬ್ಬರಿಗೆ ಎರಡು ಹಿಡಿ, ಒಂದೊಂದಕ್ಕೆ ಆರಾರು ಗುಂಡಿ. ಹಣೆಯ ಮೇಲೆ ಏನೋ ಇಂಗ್ಲಿಷ್ ಹೆಸರಿತ್ತು, ಓದಿದವರಿಲ್ಲ. ಊರಿಗೆಲ್ಲ ಅದು ಫೈಟಿಂಗ್ ಗೇಮ್. ಅದರೊಳಗಿನ ಜಟ್ಟಿಗಳಿಗೂ ಹುಡುಗರೇ ನಾಮಕರಣ ಮಾಡಿದರು: ಗಡ್ಡದ ಪೈಲ್ವಾನ, ಬೋಳುತಲೆ, ಜಡೆಯವಳು.

ಮನೆಯ ಮುಂದಿನ ಕೋಣೆಗೆ ಒಂದು ಪರದೆ ಇಳಿಬಿಟ್ಟು ಅಂಗಡಿ ಮಾಡಿದ್ದಾಯಿತು. ಕಾಲೇಜು ಬಿಟ್ಟರೆ ಸಾಕು, ಹಾಸ್ಟೆಲಿನ ಹುಡುಗರು ಜೇನು ಮುತ್ತಿದ ಹಾಗೆ ಮುತ್ತುತ್ತಿದ್ದರು. ಗೆದ್ದವನು ನಿಲ್ಲಬೇಕು, ಸೋತವನು ಸರಿಯಬೇಕು. ಮುಂದಿನ ಆಟ ಬೇಕಾದವನು ಗಾಜಿನ ಕೆಳಗಿನ ಪಟ್ಟಿಯ ಮೇಲೆ ತನ್ನ ನಾಣ್ಯ ಇಟ್ಟು ಸರತಿ ಹಿಡಿಯಬೇಕು. ನಾಣ್ಯ ಯಾರದು ಮೊದಲು, ಏಟು ತಗುಲಿತೋ ಇಲ್ಲವೋ ಎಂದು ದಿನಕ್ಕೆ ಹತ್ತು ಜಗಳ. ಕೊರಳಪಟ್ಟಿ ಹಿಡಿದುಕೊಂಡವರೂ ಕೊನೆಗೆ ಮೂಲೆಯ ಸ್ಟೂಲಿನ ಕಡೆ ತಿರುಗುತ್ತಿದ್ದರು.

“ಬೇಗಮ್ಮ, ನೀವೇ ಹೇಳಿ.”

ಸ್ಟೂಲಿನ ಮೇಲೆ ಅಕ್ಕಿ ಆರಿಸುತ್ತ ಕೂತ ಖುರ್ಷಿದಾ ಮೊರದಿಂದ ಕಣ್ಣೆತ್ತದೆ ಹೇಳುತ್ತಿದ್ದಳು: “ಏಟು ಬಿದ್ದಿಲ್ಲ. ನಿನ್ ಪೈಲ್ವಾನ ಬಗ್ಗಿದ್ದ. ಸರ್ಕೊಳ್ಳೋ.” ಅಲ್ಲಿಗೆ ಮುಗಿಯಿತು. ಸೋತವನು ಸರಿದು ಜಾಗ ಬಿಡುತ್ತಿದ್ದ.

ಆಕೆ ಆಡುತ್ತಿದ್ದುದು ಬೆಳಗ್ಗೆ, ಕಸ ಗುಡಿಸಿ ಹುಡುಗರು ಬರುವ ಮೊದಲು. ಯಾರೂ ಹೇಳಿಕೊಟ್ಟವರಿಲ್ಲ. ಹಿಡಿಯನ್ನು ಹೀಗೆ ಸುತ್ತಿದರೆ ಏನಾಗುತ್ತದೆ, ಹಾಗೆ ಸುತ್ತಿದರೆ ಏನಾಗುತ್ತದೆ ಎಂದು ತಾನೇ ಕಂಡುಕೊಂಡಳು. ಜಡೆಯವಳನ್ನು ಮೇಲಕ್ಕೆ ನೆಗೆಸಿ, ಅವಳು ಗಾಳಿಯಲ್ಲಿರುವಾಗಲೇ ಹಿಡಿ ಸುತ್ತಿ ಗುಂಡಿ ಒತ್ತಿದರೆ, ಅವಳು ಅಲ್ಲಿಂದಲೇ ಬೆಂಕಿಯುಂಡೆ ಎಸೆಯುತ್ತಿದ್ದಳು. ಒಂದಲ್ಲ, ಸಾಲಾಗಿ ಮೂರು. ಊರಿನ ಹುಡುಗರು ಅದನ್ನು ಕಲಿತದ್ದು ಬೇಗಮ್ಮನ ಕೈಯಿಂದಲೇ.

ಕಾಲ ಮಗ್ಗುಲು ಬದಲಿಸಿತು. ಹುಡುಗರು ಸೈಬರ್ ಸೆಂಟರಿನ ಕಡೆ ಹೊರಟರು. ಎರಡು ಸಾವಿರದ ಒಂದರಲ್ಲಿ ಪೆಟ್ಟಿಗೆ ಗುಬ್ಬಿಯ ಚನ್ನವೀರಯ್ಯನ ಹಿಟ್ಟಿನ ಗಿರಣಿಗೆ ಹೋಯಿತು. ರಾಗಿ ಬೀಸಿಸಲು ಬಂದವರಿಗೆ ಹೊತ್ತು ಹೋಗಲಿ ಎಂದು ಅವನು ಕೇಳಿ ಒಯ್ದಿದ್ದ.

ಆರು ವರ್ಷ ಕಳೆದ ಮೇಲೆ ತುಮಕೂರಿನ ಪಕ್ಕದ ಕ್ಯಾತ್ಸಂದ್ರದಲ್ಲಿ ರವಿಕಿರಣ್ ಎಂಬ ತರುಣ ಹೊಸ ಗೇಮ್ ಅಂಗಡಿ ತೆರೆದ. ದೊಡ್ಡ ಟಿ.ವಿ., ಪ್ಲೇಸ್ಟೇಷನ್, ಮೆತ್ತನೆಯ ಕುರ್ಚಿ. ಹಳೆಯ ಆಟಗಳನ್ನೆಲ್ಲ ತುಂಬಿದ ಸಿ.ಡಿ. ತರಿಸಿದ್ದ, ಅದರಲ್ಲಿ ಆ ಫೈಟಿಂಗ್ ಗೇಮೂ ಇತ್ತು. ಹಿಂದೆ ಬೇಗಮ್ಮನ ಅಂಗಡಿ ಇತ್ತಂತೆ ಎಂದು ಯಾರಿಂದಲೋ ಕೇಳಿ, ಮನೆಗೇ ಬಂದು ಕರೆದ. “ಆಂಟಿ, ಮೊದಲ್ನೇ ಆಟ ನಿಮ್ದೇ ಆಗ್ಬೇಕು.”

ಆ ಭಾನುವಾರ ಖುರ್ಷಿದಾ ಇಸ್ತ್ರಿ ಮಾಡಿದ ಬುರ್ಖಾ ತೊಟ್ಟು ಹೋದಳು. ಪರದೆಯ ಮೇಲೆ ಜಡೆಯವಳು ಮೂಡಿದಾಗ ತವರಿನವರನ್ನು ಕಂಡಷ್ಟು ಹಿಗ್ಗಾಯಿತು. ಹಿಂದೆ ನಿಂತ ಇಪ್ಪತ್ತು ಹುಡುಗರ ಕಡೆ ತಿರುಗಿ, “ನೋಡ್ತಾ ಇರಿ, ಈಗ ಮೇಲಿಂದ ಬೆಂಕಿ ಎಸೀತಾಳೆ” ಅಂದಳು. ನೆಗೆಸಿದಳು, ಒತ್ತಿದಳು. ಜಡೆಯವಳು ಬರಿಗೈಯಲ್ಲಿ ಕೆಳಗಿಳಿದಳು. ಇನ್ನೊಮ್ಮೆ. ಮತ್ತೊಮ್ಮೆ. ಅಷ್ಟರಲ್ಲಿ ಎದುರಿನ ಪೈಲ್ವಾನ ಅವಳನ್ನು ಎತ್ತಿ ಒಗೆದಿದ್ದ.

“ಆಂಟಿ, ಬೆಂಕಿಪೊಟ್ಣ ಮನೇಲೇ ಬಿಟ್ಬಂದ್ರಾ?” ಒಬ್ಬ ಕಿಚಾಯಿಸಿದ. ಅಂಗಡಿಯೆಲ್ಲ ನಕ್ಕಿತು.

ರವಿಕಿರಣ್ ನಗಲಿಲ್ಲ. ಸಮಾಧಾನ ಹೇಳಿದ, ಅದು ಇನ್ನೂ ಕೆಟ್ಟದಾಯಿತು. “ಹೋಗ್ಲಿ ಬಿಡಿ ಆಂಟಿ. ಈ ಆಟದಲ್ಲಿ ಅದು ಇಲ್ವೇ ಇಲ್ಲ. ವಯಸ್ಸಾದ್ಮೇಲೆ ಒಂದಕ್ಕೊಂದು ಕಲಸ್ಕೊಳ್ಳುತ್ತೆ.”

ಸೋಲು ಆಕೆಗೆ ದೊಡ್ಡದಲ್ಲ. ಕಂಡದ್ದನ್ನು ಕಂಡಿಲ್ಲ ಅಂದರಲ್ಲ, ಅದು ಅನ್ನ ಇಳಿಯಗೊಡಲಿಲ್ಲ. ಬೆಂಕಿಯುಂಡೆ ಸುಳ್ಳಾದರೆ, ಆ ಸ್ಟೂಲಿನ ಮೇಲೆ ಕೂತು ಹೇಳಿದ ಸಾವಿರ ತೀರ್ಮಾನಗಳೂ ಸುಳ್ಳೇ ತಾನೇ?

ಸೋಮವಾರ ಗುಬ್ಬಿಯ ಬಸ್ಸು ಹತ್ತಿದಳು.

“ಏನ್ ಬೇಗಮ್ಮ, ದಾರಿ ತಪ್ಪಿ ಬಂದಂಗೈತೆ!” ಮೈಯೆಲ್ಲ ಹಿಟ್ಟಾಗಿದ್ದ ಚನ್ನವೀರಯ್ಯ ಗಿರಣಿ ನಿಲ್ಲಿಸಿ ಹೊರಗೆ ಬಂದ.

“ನನ್ ಪೆಟ್ಟಿಗೆ ಎಲ್ಲಣ್ಣಾ?”

“ಅದು ಕಣ್ಮುಚ್ಚಿ ಮೂರು ವರ್ಷ ಆಯ್ತು ಕಣವ್ವ. ಮೂಲೇಲಿ ಮೂಟೆಗೆ ಒರಗು ಆಗೈತೆ. ಸೌದೆಗೆ ಒಡ್ಸಾನ ಅಂತಿದ್ದೆ, ನಿನ್ ನೆಪ್ಪಾಗಿ ಬುಟ್ಟೆ.”

ಮೂಟೆಗಳನ್ನು ಸರಿಸಿ ಹಿಂಬದಿಯ ಹಲಗೆ ಬಿಚ್ಚಿದರೆ ಒಳಗೆಲ್ಲ ಬೆರಳುದ್ದ ಹಿಟ್ಟು. ಖುರ್ಷಿದಾ ಕೂಸಿನ ಮೈ ಒರೆಸುವ ಹಾಗೆ ನಯವಾಗಿ ಅದನ್ನು ಒರೆಸಿದಳು. ಆಟದ ಬೋರ್ಡನ್ನು ಹೊರಗೆಳೆದು ನೋಡಿದಳು. ತಂತಿಗಳ ಕೊಂಡಿಯೊಳಗೆ ಸಿಕ್ಕಿಕೊಳ್ಳುವ ಅದರ ಅಂಚಿನ ತಾಮ್ರದ ಹಲ್ಲುಗಳು ಕಪ್ಪಿಟ್ಟಿದ್ದವು. ಚನ್ನವೀರಯ್ಯನ ಮೊಮ್ಮಗಳ ಕಂಪಾಸ್ ಪೆಟ್ಟಿಗೆಯಿಂದ ರಬ್ಬರು ಇಸಿದುಕೊಂಡು, ಒಂದೊಂದು ಹಲ್ಲನ್ನೂ ಉಜ್ಜಿದಳು. ಅಪ್ಪ ರೇಡಿಯೋಗಳಿಗೆ ಹಾಗೆ ಮಾಡುತ್ತಿದ್ದುದನ್ನು ಕಂಡಿದ್ದಳು. ಮಧ್ಯಾಹ್ನದ ಹೊತ್ತಿಗೆ ಕರೆಂಟು ಕೊಟ್ಟಾಗ ಪೆಟ್ಟಿಗೆ ಗುರ್ರೆಂದಿತು. ಪರದೆ ಅರ್ಧ ಹಸಿರು, ಅರ್ಧ ಕೆಂಪು. ಆದರೂ ಆ ಹಳೆಯ ವಾದ್ಯ ಮೊಳಗಿದಾಗ, ಪಟ್ಟಿಯ ಮೇಲಿನ ನಾಣ್ಯಗಳ ಸಾಲು, ಕೊರಳಪಟ್ಟಿ ಹಿಡಿದುಕೊಂಡ ಹುಡುಗರು, ಲಾರಿ ನಿಲ್ಲಿಸಿ ಚಹಾ ಕೇಳುತ್ತಿದ್ದ ಉಮೇರನ ದನಿ, ಎಲ್ಲ ಆ ಗಿರಣಿಯೊಳಗೆ ನುಗ್ಗಿ ಬಂದಂತಾಯಿತು. ಸೆರಗಿನಿಂದ ಮುಖ ಒರೆಸಿಕೊಂಡು, ಚನ್ನವೀರಯ್ಯನ ಫೋನಿನಿಂದ ರವಿಕಿರಣನಿಗೆ ಕರೆ ಮಾಡಿದಳು.

“ಗುಬ್ಬಿಗೆ ಬಾ. ನೆನ್ನೆ ನಕ್ಕೋರ್ನೂ ಕರ್ಕೊಂಡ್ ಬಾ.”

ಅವನು ನಕ್ಕವರಲ್ಲಿ ಇಬ್ಬರನ್ನು ಬೈಕಿಗೆ ಹತ್ತಿಸಿಕೊಂಡು ಬಂದ. ಖುರ್ಷಿದಾ ನಾಣ್ಯ ಹಾಕಿದಳು. ಹಿಡಿ ಹಿಡಿದಳು. ಜಡೆಯವಳು ನೆಗೆದಳು, ಗಾಳಿಯಲ್ಲಿ ತಿರುಗಿದಳು, ಮೂರು ಬೆಂಕಿಯುಂಡೆಗಳು ಸಾಲಾಗಿ ಇಳಿದು ಪೈಲ್ವಾನನ ಗಡ್ಡಕ್ಕೆ ಬಡಿದವು.

“ಅಯ್ಯೋ ನಿನ್ನ!” ಅಂದ ಚನ್ನವೀರಯ್ಯ. ಬೆಂಕಿಪೊಟ್ಟಣ ಕೇಳಿದ್ದವನು ತಲೆ ಕೆರೆದುಕೊಂಡು, “ತಪ್ಪಾಯ್ತು ಆಂಟಿ” ಅಂದ.

ರವಿಕಿರಣ್ ಬಗ್ಗಿ ಬೋರ್ಡನ್ನು ನೋಡಿದ. “ಆಂಟಿ, ನೀವ್ ಹೇಳಿದ್ದು ನಿಜ. ಆದ್ರೆ ಇದು ಕಂಪ್ನೀದಲ್ಲ, ಡೂಪ್ಲಿಕೇಟು. ಯಾರೋ ಆಟಾನ ತಿದ್ದಿ ಮಾರವ್ರೆ. ಅಸಲಿ ಆಟದಲ್ಲಿ ಗಾಳಿ ಬೆಂಕಿ ಇಲ್ಲ.”

ಖುರ್ಷಿದಾ ಪರದೆಯ ಮೇಲಿನ ಜಡೆಯವಳನ್ನು ನೋಡಿದಳು. ತುಮಕೂರಿನ ಒಂದು ತಲೆಮಾರೇ ನಕಲಿ ಆಟವನ್ನು ಅಸಲಿ ಎಂದು ಆಡಿ ಬೆಳೆದಿತ್ತು. ಆಮೇಲೆ ಮೆಲ್ಲಗೆ ನಕ್ಕಳು. “ಬೋರ್ಡು ಸುಳ್ಳಿರ್ಬೋದು. ನಾನ್ ಸುಳ್ಳಲ್ವಲ್ಲ.”

“ಅಲ್ಲವೇ ಅಲ್ಲ.” ರವಿಕಿರಣನಿಗೆ ನಿನ್ನೆಯ ಮಾತು ಚುಚ್ಚುತ್ತಿತ್ತು. “ಭಾನುವಾರ ಮತ್ತೆ ಬನ್ನಿ ಆಂಟಿ. ಅಸಲಿ ಆಟದ ಪಟ್ಟು ಎಲ್ಲ ಚೀಟಿ ಬರ್ದು ಕೊಡ್ತೀನಿ. ಬೇಕಾದ್ರೆ ಪಕ್ಕದಲ್ಲೇ ಕೂತು ಹೇಳ್ಕೊಡ್ತೀನಿ.”

“ಭಾನುವಾರ ಬತ್ತೀನಿ. ಚೀಟಿ ಬ್ಯಾಡ, ಪಕ್ಕದಲ್ಲಿ ಕೂರೋದೂ ಬ್ಯಾಡ ಕಣಪ್ಪ. ಸುಳ್ಳು ಆಟಾನೇ ಒಬ್ಳೇ ಕಲ್ತೋಳು, ನಿಜದ್ದು ಕಲಿಯಕ್ಕೆ ನಂಗೆ ಮೇಷ್ಟ್ರು ಬೇಕಾ? ನೀನು ನನ್ ಎದುರಾಳಿ ಆಗಿ ಕೂತ್ಕೋ, ಸಾಕು.”