ನಕ್ಷತ್ರಕ್ಕೆ ಜೊತೆ ಹುಡುಕಿದ್ದು

ಮಾಗಡಿ ರಸ್ತೆಗೆ ಇನ್ನೂ ಮೆಟ್ರೊ ಬಂದಿರದ ಕಾಲ. ಕುರುಬರಹಳ್ಳಿಯ ನಮ್ಮ ಬಾಡಿಗೆ ಮನೆಯ ತಾರಸಿಯಲ್ಲಿ, ಸಂಜೆ ಅಮ್ಮನ ಪಕ್ಕ ಅವರೆಕಾಯಿ ಸುಲಿಯುತ್ತಾ ಕೂತರೂ ನಾನು ಬೇರೆಲ್ಲೋ ಇರುತ್ತಿದ್ದೆ. ಸಂಶೋಧನೆಗೆಂದು ನನಗೆ ಸಿಕ್ಕಿದ್ದು ಒಂದು ಮಿಡಿಯುವ ನಕ್ಷತ್ರ. ಉಬ್ಬಿ, ಕುಗ್ಗಿ, ಕೆಲವು ಗಂಟೆಗಳಿಗೊಮ್ಮೆ ತಪ್ಪದೆ ಬೆಳಗುವಂಥದು. ಆದರೆ ಆ ಬೆಳಗು ಕೆಲವು ತಿಂಗಳು ಒಂದಷ್ಟು ನಿಮಿಷ ಮೊದಲೇ ಬರುತ್ತಿತ್ತು, ಕೆಲವು ತಿಂಗಳು ತಡವಾಗಿ. ಕಣ್ಣಿಗೆ ಕಾಣದ ಜೊತೆಗಾರ ನಕ್ಷತ್ರವೊಂದು ಅದನ್ನು ಎಳೆದಾಡುತ್ತಿದ್ದರೆ ಹೀಗಾಗುತ್ತದೆ. ನಕ್ಷತ್ರ ನಮ್ಮತ್ತ ಸರಿದಾಗ ಬೆಳಕು ಬೇಗ ಮುಟ್ಟುತ್ತದೆ, ದೂರ ಹೋದಾಗ ತಡ.

ಆ ಜೊತೆಗಾರ ನಿಜವಾದರೆ ನನಗೆ ಪಿಎಚ್‌ಡಿ. ಇಲ್ಲದಿದ್ದರೆ ಎಲ್ಲ ಬಿಟ್ಟು ಬಿ.ಎಡ್. ಸೇರುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ಅಮ್ಮನಿಗೋ ಇದೆಲ್ಲ ಮದುವೆ ಮಾತುಕತೆ.

"ಗಂಡು ಗೊತ್ತಾಯ್ತೇನೇ ನಿನ್ನ ನಕ್ಷತ್ರಕ್ಕೆ?" ಎಂದು ದಿನಾ ಕೆಣಕುತ್ತಿದ್ದಳು. ನಾನು ಸಿಡುಕುತ್ತಿದ್ದೆ. ಒಳಗೊಳಗೇ ಆ ಕಾಣದವನ ಮೇಲೆ ನನಗೂ ಪ್ರೀತಿ ಹುಟ್ಟಿತ್ತು.

ನನ್ನ ಗ್ರಾಫನ್ನು ಗೈಡ್ ಬಹಳ ಹೊತ್ತು ನೋಡಿದರು.

"ಎಷ್ಟು ದಿನಕ್ಕೆ ಒಂದು ಸುತ್ತು ಬರ್ತಾನಮ್ಮ ಇವನು?"

"ಹೆಚ್ಚೂಕಮ್ಮಿ ಒಂದು ವರ್ಷ ಸಾರ್."

"ಒಂದು ವರ್ಷಕ್ಕೆ ಸುತ್ತು ಬರೋದು ಯಾರು, ಯೋಚನೆ ಮಾಡು."

ಭೂಮಿ! ಸೂರ್ಯನನ್ನು ಸುತ್ತುತ್ತಾ ನಾವೇ ಆ ನಕ್ಷತ್ರದ ಹತ್ತಿರ ಹೋಗುತ್ತೇವೆ, ದೂರ ಬರುತ್ತೇವೆ. ಆ ವ್ಯತ್ಯಾಸವನ್ನು ಮೊದಲು ಲೆಕ್ಕದಿಂದ ಕಳೆಯಬೇಕು. ವೀಕ್ಷಣಾಲಯದಿಂದ ನನಗೆ ಬಂದ ಅಂಕಿಗಳಲ್ಲಿ ಅದನ್ನು ಆಗಲೇ ಕಳೆದಿದ್ದಾರೆ ಎಂದುಕೊಂಡಿದ್ದೆ ನಾನು. ಕಳೆದು ನೋಡಿದರೆ ಅಲೆಯಂತಿದ್ದ ಗೆರೆ ನೆಟ್ಟಗೆ ಮಲಗಿತು.

ಆ ಸಂಜೆ ತಾರಸಿಯಲ್ಲಿ ಅತ್ತುಬಿಟ್ಟೆ.

"ಅದಕ್ಕೆ ಯಾರೂ ಇಲ್ಲಮ್ಮ. ಓಲಾಡ್ತಾ ಇದ್ದಿದ್ದು ನಾವು. ಭೂಮಿ."

ಅಮ್ಮ ಸುಲಿಯುವುದನ್ನು ನಿಲ್ಲಿಸಿದಳು. ಅಂಗೈಯನ್ನು ನೆಲಕ್ಕೆ ಊರಿ ಹಾಗೇ ಕೂತಳು. ಬಿಸಿಲುಂಡ ಸಿಮೆಂಟು ಇನ್ನೂ ಬೆಚ್ಚಗಿತ್ತು. ಕೆಳಗಿನ ಬಸ್ಸುಗಳ ಸದ್ದು ನಿದ್ದೆಯಲ್ಲಿ ಕೇಳಿದಂತೆ ಮೆಲ್ಲಗೆ ಬರುತ್ತಿತ್ತು.

"ನಾವು ಸುತ್ತೋದನ್ನ ಅಷ್ಟು ದೂರದ್ದು ನೋಡಿ ಕಂಡುಹಿಡಿದ್ಯಾ?"

"ಅದು ಎಲ್ಲರಿಗೂ ಗೊತ್ತಿರೋದೇ, ಬಿಡು."

"ನಂಗೆ ಯಾರೂ ತೋರಿಸಿರ್ಲಿಲ್ಲ ಕಣೇ," ಎಂದಳು. ಅವಳ ಕೈ ಇನ್ನೂ ನೆಲದ ಮೇಲೇ ಇತ್ತು.

ಊಟಕ್ಕೆ ಕೂತಾಗ ನಾನು ಬಾಯಿ ಬಿಡುವ ಮೊದಲೇ, ಅಪ್ಪನ ತಟ್ಟೆಗೆ ಸಾರು ಬಡಿಸುತ್ತಾ ಅಮ್ಮನೇ ಹೇಳಿದಳು:

"ಬಿ.ಎಡ್. ಇರ್ಲಿ ಬಿಡಿ ರೀ. ಅವಳು ಇನ್ನೊಂದು ನಕ್ಷತ್ರ ನೋಡ್ಲಿ."